ಐರಿಷ್ ಸೆಶನ್, ಸ್ವೀಡಿಷ್ ಪೋಲ್ಸ್ಕಾ: ಹುಡುಕಿಕೊಂಡು ಹೊರಡುವವರಿಗೆ

"ವಾರ್ಡ್ರೂನಾ ತಂಡದ ಹಾಡು ಕೇಳಿ ಹುಚ್ಚು ಹಿಡಿದಿದೆ. ನಾರ್ವೆಗೆ ಹೋದರೆ ಇಂಥ ಸಂಗೀತ ಎಲ್ಲಿ ಸಿಗುತ್ತೆ?" "ಡಬ್ಲಿನ್‌ನಲ್ಲಿ ಎರಡು ದಿನ ಇರ್ತೀನಿ, ಯಾವ ಪಬ್‌ಗೆ ಹೋಗಲಿ?" ಈ ಎರಡು ಪ್ರಶ್ನೆಗಳು ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೆ ಬರೆದು ಸಾಕಾಗಿದೆ. ಅದಕ್ಕೇ ಐರ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರದ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ಕಡೆಯ ಜನಪದ ಸಂಗೀತವನ್ನು ಅಲ್ಲಿಗೇ ಹೋಗಿ ಕೇಳುವುದು ಹೇಗೆ ಎಂಬುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ದೇಶ ಸುತ್ತುವ ಯೋಚನೆ ಬಿಡಿ. ಹನ್ನೆರಡು ದಿನಕ್ಕೆ ಆರು ರಾಜಧಾನಿ ಎಂಬ ಪ್ಯಾಕೇಜಿನಲ್ಲಿ ಪ್ರವಾಸಿಗರಿಗೆಂದೇ ನುಡಿಸುವ ಸಂಗೀತ ಬಿಟ್ಟರೆ ಬೇರೇನೂ ಕಿವಿಗೆ ಬೀಳುವುದಿಲ್ಲ. ಒಂದು ಊರು ಹಿಡಿದು ಐದು ರಾತ್ರಿ ಕೂತುಬಿಡಿ. ಮೊದಲ ರಾತ್ರಿ ಎಲ್ಲ ಮಟ್ಟುಗಳೂ ಒಂದೇ ಥರ ಕೇಳಿಸುತ್ತವೆ. ಮೂರನೆಯ ರಾತ್ರಿಗೆ "ಅರೆ, ಇದು ಮೊನ್ನೆ ನುಡಿಸಿದ್ದೇ ಅಲ್ವಾ" ಅನಿಸುತ್ತದೆ. ಅಲ್ಲಿಂದ ಮುಂದೆ ಮಜಾ.

ಬೇಕಾದದ್ದು ಇಷ್ಟು: ಹೊರಡುವ ಮುಂಚೆ ಎರಡು ತಿಂಗಳು ದಿನಕ್ಕೆ ಅರ್ಧ ಗಂಟೆ ಕೇಳುವ ವ್ಯವಧಾನ, ಸರಿಯಾದ ವೀಸಾ, ಮಳೆಗೆ ನೆನೆಯದ ಜಾಕೆಟ್. ಪಾಶ್ಚಾತ್ಯ ಸ್ವರಲಿಪಿ ಓದಲು ಬರಬೇಕಿಲ್ಲ. ಕುಡಿಯುವ ಅಭ್ಯಾಸವೂ ಬೇಕಿಲ್ಲ.

ಹಂತ 1: ಹೆಸರಿನ ಗೊಂದಲ ಬಿಡಿಸಿಕೊಳ್ಳಿ

"ಕೆಲ್ಟಿಕ್", "ನಾರ್ಡಿಕ್" ಎಂಬುವು ಹೆಚ್ಚಾಗಿ ಸಿಡಿ ಅಂಗಡಿಯ ಹಣೆಪಟ್ಟಿಗಳು. ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ ಫಿಡಲ್ ನುಡಿಸುವವರನ್ನು ಕೇಳಿದರೆ "ಟ್ರ್ಯಾಡ್" ಅನ್ನುತ್ತಾರೆ, ಅಂದರೆ ಸಂಪ್ರದಾಯದ ಸಂಗೀತ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಂತೆ. ಫಿಡಲ್ ಬೇರೆ ವಾದ್ಯವೇನಲ್ಲ, ಪಿಟೀಲೇ. ನುಡಿಸುವ ರೀತಿ ಮಾತ್ರ ಬೇರೆ. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಫ್ರಾನ್ಸಿನ ಬ್ರಿಟನಿ, ಇವನ್ನು ಒಟ್ಟಿಗೆ ಕಟ್ಟುವುದು ಮುಖ್ಯವಾಗಿ ಭಾಷೆಯ ನಂಟು. ನಾರ್ಡಿಕ್ ಬುಟ್ಟಿಯಲ್ಲಂತೂ ಅದೂ ಇಲ್ಲ. ಫಿನ್ನಿಶ್ ಭಾಷೆಗೂ ಸ್ವೀಡಿಷ್‌ಗೂ ನಂಟಿಲ್ಲ. ಉತ್ತರದ ಸಾಮಿ ಜನರ ಯೋಯಿಕ್ ಹಾಡುಗಾರಿಕೆ ಎರಡಕ್ಕೂ ಹೊರಗಿನದು.

ಇನ್ನು ವಾರ್ಡ್ರೂನಾ ವಿಷಯ. ಐನಾರ್ ಸೆಲ್ವಿಕ್ ಮತ್ತು ಗೆಳೆಯರು 2003ರಲ್ಲಿ ಕಟ್ಟಿದ ತಂಡ ಅದು. ಲೈರ್ ಎಂಬ ಹಳೆಯ ತಂತಿವಾದ್ಯ, ಆಡಿನ ಕೊಂಬು, ತೊಗಲಿನ ವಾದ್ಯ ಇಟ್ಟುಕೊಂಡು ಹೊಸದಾಗಿ ಕಟ್ಟಿದ ಸಂಗೀತ. ವೈಕಿಂಗ್ ಕಾಲದವರು ತಮ್ಮ ಹಾಡಿಗೆ ಸ್ವರ ಬರೆದಿಟ್ಟು ಹೋಗಿಲ್ಲ. ಹಾಗಾಗಿ "ನಿಜವಾದ ವೈಕಿಂಗ್ ಸಂಗೀತ" ಎಂದು ಯಾರಾದರೂ ಮಾರುತ್ತಿದ್ದರೆ ನಂಬಬೇಡಿ. ನನಗೆ ವಾರ್ಡ್ರೂನಾ ಇಷ್ಟವೇ. ಅದು ಬೇಕಿದ್ದರೆ ಅವರ ಕಛೇರಿಯ ಟಿಕೆಟ್ ಹುಡುಕಿ. ನಾರ್ವೆಯ ಹಳ್ಳಿಗೆ ಹೋದರೆ ಅದು ಸಿಗುವುದಿಲ್ಲ. ಅಲ್ಲಿ ಸಿಗುವುದು ಕುಣಿತಕ್ಕೆ ನುಡಿಸುವ ಪಿಟೀಲು.

ಹಂತ 2: ಕಿವಿ ಹದ ಮಾಡಿಕೊಳ್ಳಿ

ಈ ಹಂತ ಬಿಟ್ಟು ಟಿಕೆಟ್ ತೆಗೆದವರೇ ಜಾಸ್ತಿ. ಆಮೇಲೆ "ಎಲ್ಲಾ ಒಂದೇ ಥರ ಇತ್ತು" ಅನ್ನುವವರೂ ಅವರೇ.

ಮೊದಲು ಐರಿಷ್ ಲೆಕ್ಕ. ಹೆಚ್ಚಿನ ಮಟ್ಟುಗಳು ಕುಣಿತಕ್ಕೆ ಹುಟ್ಟಿದವು. ರೀಲ್ ಎಂದರೆ ನಾಲ್ಕರ ಓಟ, ತಕದಿಮಿ ತಕದಿಮಿ ಎಂದು ಹೇಳಿಕೊಂಡರೆ ಕೂಡುತ್ತದೆ. ಜಿಗ್ ಎಂದರೆ ತಕಿಟ ತಕಿಟ. ತಿಶ್ರ ನಡೆ ಗೊತ್ತಿದ್ದವರಿಗೆ ತಕ್ಷಣ ಹಿಡಿಯುತ್ತದೆ. ಸ್ಲಿಪ್ ಜಿಗ್ ಎಂದರೆ ಮೂರು ತಕಿಟ ಸೇರಿ ಒಂಬತ್ತು. ಸಾಮಾನ್ಯವಾಗಿ ಒಂದು ಮಟ್ಟಿಗೆ ಎರಡು ಭಾಗ, ಪ್ರತಿ ಭಾಗವನ್ನೂ ಎರಡೆರಡು ಸಲ ನುಡಿಸುತ್ತಾರೆ. ಇಡೀ ಮಟ್ಟು ಎರಡೋ ಮೂರೋ ಸುತ್ತು ಬಂದ ಮೇಲೆ ನಿಲ್ಲಿಸದೆ ಇನ್ನೊಂದಕ್ಕೆ ಜಿಗಿಯುತ್ತಾರೆ. ಹೀಗೆ ಪೋಣಿಸಿದ ಸರಕ್ಕೆ ಸೆಟ್ ಎಂದು ಹೆಸರು. ಆ ಜಿಗಿತ ಎಲ್ಲಿ ಆಯಿತು ಎಂದು ಗುರುತಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಸ್ವೀಡನ್ನಿನ ಪೋಲ್ಸ್ಕಾ ಬೇರೆ ಪ್ರಾಣಿ. ಮೂರು ಪೆಟ್ಟು ಇರುತ್ತವೆ, ಆದರೆ ಹಲವು ಊರುಗಳಲ್ಲಿ ಆ ಮೂರೂ ಸಮ ಇರುವುದಿಲ್ಲ. ಒಂದು ಚೂರು ಕಿರಿದು, ಒಂದು ಚೂರು ಎಳೆದದ್ದು. ಎಣಿಸಲು ಹೋದರೆ ತಪ್ಪುತ್ತೀರಿ. ವಿಡಿಯೊ ಹಾಕಿಕೊಂಡು ನುಡಿಸುವವರ ಪಾದ ನೋಡಿ. ತಾಳ ಅಲ್ಲಿರುತ್ತದೆ.

ವಾದ್ಯಗಳಲ್ಲಿ ಮೂರನ್ನು ಮೊದಲೇ ಪರಿಚಯ ಮಾಡಿಕೊಳ್ಳಿ. ಇಲ್ಲನ್ ಪೈಪ್ ಐರಿಷ್ ಚೀಲವಾದ್ಯ. ಬಾಯಲ್ಲಿ ಊದುವುದಿಲ್ಲ, ಮೊಣಕೈ ಕೆಳಗಿನ ತಿದಿಯಿಂದ ಗಾಳಿ ತುಂಬುತ್ತಾರೆ. ಐರಿಷ್‌ನಲ್ಲಿ ಆ ಹೆಸರಿನ ಅರ್ಥವೇ ಮೊಣಕೈ. ಅದರಲ್ಲಿ ಬಿಡದೆ ಹರಿಯುವ ಡ್ರೋನ್ ಎಂಬುದು ನಮ್ಮ ಶ್ರುತಿಯೇ. ಹಾರ್ಡಿಂಗ್‌ಫೆಲೆ ನಾರ್ವೆಯ ಪಿಟೀಲು. ಮೇಲೆ ನಾಲ್ಕು ತಂತಿ, ಅವುಗಳ ಕೆಳಗೆ ಇನ್ನೂ ನಾಲ್ಕೋ ಐದೋ ತಂತಿ. ಕೆಳಗಿನವನ್ನು ಯಾರೂ ಮುಟ್ಟುವುದಿಲ್ಲ, ಸಿತಾರಿನ ತರಬ್ ತಂತಿಯಂತೆ ತಾವಾಗಿ ಝೇಂಕರಿಸುತ್ತವೆ. ಮಟ್ಟಿಗೆ ತಕ್ಕಂತೆ ತಂತಿಯ ಶ್ರುತಿಯನ್ನೇ ಬದಲಿಸುತ್ತಾರೆ. ಕರ್ನಾಟಕ ಶೈಲಿಯಲ್ಲಿ ಸ-ಪ-ಸ-ಪ ಕಟ್ಟಿಕೊಂಡು ನುಡಿಸುವವರಿಗೆ ಇದು ಅಷ್ಟು ವಿಚಿತ್ರ ಅನಿಸಲಿಕ್ಕಿಲ್ಲ. ಮೂರನೆಯದು ಸ್ವೀಡನ್ನಿನ ನಿಕೆಲ್‌ಹಾರ್ಪಾ. ಕಮಾನಿನಿಂದ ನುಡಿಸುವ ವಾದ್ಯ, ಆದರೆ ಬೆರಳು ತಂತಿಯ ಮೇಲಲ್ಲ, ಮರದ ಕೀಲಿಗಳ ಮೇಲೆ. ಉಪ್ಲಾಂಡ್ ಪ್ರಾಂತ್ಯದ ಎರಿಕ್ ಸಾಲ್‌ಸ್ಟ್ರೋಮ್ (1912-1986) ಇದಕ್ಕೆ ಮರುಜೀವ ಕೊಟ್ಟವರು. ಅವರ ಹೆಸರಿನ ಶಾಲೆ ಇವತ್ತು ಟೋಬೂ ಎಂಬ ಸಣ್ಣ ಊರಿನಲ್ಲಿದೆ.

ಯಾರನ್ನು ಕೇಳಬೇಕು? ಐರ್ಲೆಂಡಿಗೆ 1970ರ ದಶಕದ ಪ್ಲಾಂಕ್ಸ್‌ಟಿ ಮತ್ತು ಬಾತಿ ಬ್ಯಾಂಡ್‌ನಿಂದ ಶುರು ಮಾಡಿ, ಆಮೇಲೆ ಡನಿಗಾಲ್‌ನ ಆಲ್ಟನ್, ಆಮೇಲೆ ಡಬ್ಲಿನ್‌ನ ಲಂಕಮ್. ನೇರವಾಗಿ ಲಂಕಮ್‌ಗೆ ಹಾರಿದರೆ ಅವರು ಹಳೆಯ ಹಾಡನ್ನು ಎಷ್ಟು ನಿಧಾನಕ್ಕೆ, ಎಷ್ಟು ಕತ್ತಲಿಗೆ ಎಳೆದುಕೊಂಡು ಹೋದರು ಎಂಬುದು ಗೊತ್ತಾಗುವುದೇ ಇಲ್ಲ. ಸ್ಕಾಟ್ಲೆಂಡಿನಲ್ಲಿ ಮಾರ್ಟಿನ್ ಬೆನೆಟ್ 2003ರಲ್ಲಿ ತಂದ 'ಗ್ರಿಟ್' ಆಲ್ಬಮ್ ತಪ್ಪಿಸಬೇಡಿ. ಹಳೆಯ ಧ್ವನಿಮುದ್ರಣಗಳಲ್ಲಿನ ಹಳ್ಳಿಗರ ದನಿಗಳನ್ನು ಎಲೆಕ್ಟ್ರಾನಿಕ್ ತಾಳದ ಮೇಲೆ ಕೂರಿಸಿದ ಕೆಲಸ ಅದು. ಜೂಲಿ ಫೌಲಿಸ್ ಹಾಡುವ ಗೇಲಿಕ್ (ಸ್ಕಾಟ್ಲೆಂಡಿನ ಹಳೆಯ ಭಾಷೆ) ಹಾಡುಗಳಲ್ಲಿ ಉಣ್ಣೆ ಬಟ್ಟೆಯನ್ನು ಹೆಂಗಸರು ಮೇಜಿನ ಸುತ್ತ ಕೂತು ಬಡಿಯುತ್ತಾ ಹಾಡುತ್ತಿದ್ದ ಪದಗಳೂ ಇವೆ. ಬೀಸುವ ಪದ, ಕುಟ್ಟುವ ಪದ ಕೇಳಿ ಬೆಳೆದವರಿಗೆ ಅವುಗಳ ಲಯ ಬಿಡಿಸಿ ಹೇಳಬೇಕಿಲ್ಲ. ಉತ್ತರದ ಕಡೆಗೆ ಸ್ವೀಡನ್ನಿನ ವೆಸೆನ್, ಫಿನ್‌ಲ್ಯಾಂಡಿನ ವ್ಯಾರ್ಟಿನಾ ಮತ್ತು ಫ್ರಿಗ್ ತಂಡಗಳು, ನಾರ್ವೆಯ ಪಿಟೀಲು ವಾದಕ ನಿಲ್ಸ್ ಓಕ್ಲಾಂಡ್, ಸಾಮಿ ಗಾಯಕಿ ಮಾರಿ ಬೊಯ್ನೆ, ಫೆರೋ ದ್ವೀಪದ ಗಾಯಕಿ ಐವೋರ್.

ಒಂದು ಎಚ್ಚರಿಕೆ. ಐನೂರು ಹಾಡಿನ ಪ್ಲೇಲಿಸ್ಟ್ ಹಾಕಿಕೊಂಡು ಕೆಲಸ ಮಾಡುತ್ತಾ ಕೇಳಬೇಡಿ. ಐದೇ ಮಟ್ಟು ಆರಿಸಿ, ಗುನುಗಲು ಬರುವವರೆಗೆ ಕೇಳಿ.

ಹಂತ 3: ತಿಂಗಳು ನೋಡಿ, ಊರು ಆರಿಸಿ

ಮೊದಲ ಸಲ ಹೋಗುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಕ್ಲೇರ್ ಕೌಂಟಿ. ಐರ್ಲೆಂಡಿನ ಪಶ್ಚಿಮ ಕರಾವಳಿ. ಡೂಲಿನ್ ಎಂಬ ಪುಟ್ಟ ಊರಿನ ಪಬ್‌ಗಳಲ್ಲಿ ಪ್ರವಾಸದ ಕಾಲದಲ್ಲಿ ದಿನವೂ ಸಂಗೀತ ಇರುತ್ತದೆ. ಗಾಲ್ವೇ ನಗರದಿಂದ ಅಲ್ಲಿಗೆ 350ನೇ ನಂಬರಿನ ಬಸ್ಸು ಹೋಗುತ್ತದೆ. ಪ್ರವಾಸಿಗರ ಗದ್ದಲ ಬೇಡವೆಂದರೆ ಎನ್ನಿಸ್ ಪಟ್ಟಣದಲ್ಲಿ ಉಳಿಯಿರಿ. ಜುಲೈ ಮೊದಲ ವಾರದ ಹೊತ್ತಿಗೆ ಮಿಲ್ಟೌನ್ ಮಾಲ್ಬೇ ಊರಿನಲ್ಲಿ ವಿಲ್ಲಿ ಕ್ಲಾನ್ಸಿ ಬೇಸಿಗೆ ಶಾಲೆ ನಡೆಯುತ್ತದೆ. 1973ರಲ್ಲಿ ತೀರಿಕೊಂಡ ಪೈಪ್ ವಾದಕರೊಬ್ಬರ ನೆನಪಿಗೆ ಅದೇ ವರ್ಷ ಶುರುವಾದದ್ದು. ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ನಡುರಾತ್ರಿವರೆಗೆ ಊರಿನ ಪ್ರತಿ ಮೂಲೆಯಲ್ಲೂ ಫಿಡಲ್. ಆ ವಾರಕ್ಕೆ ರೂಮು ಬೇಕಿದ್ದರೆ ಜನವರಿಯಲ್ಲೇ ನೋಡಿ. ಮೇ ತಿಂಗಳಲ್ಲಿ ಹುಡುಕಿದರೆ ಮೂವತ್ತು ಕಿಲೋಮೀಟರ್ ಆಚೆ ಮಲಗಬೇಕಾಗುತ್ತದೆ.

ಡಬ್ಲಿನ್ ಬಿಟ್ಟು ಆಚೆ ಹೋಗಲು ಆಗದವರು ಪ್ರವಾಸಿಗರೇ ತುಂಬುವ ಟೆಂಪಲ್ ಬಾರ್ ಪ್ರದೇಶದಲ್ಲೇ ಸಂಜೆ ಕಳೆಯಬೇಡಿ. ನದಿ ದಾಟಿ ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್‌ಗೆ ಹೋಗಿ. ಹಗಲಿನಲ್ಲಿ ಸಮಯವಿದ್ದರೆ ಮೆರಿಯನ್ ಸ್ಕ್ವೇರ್‌ನ ಐರಿಷ್ ಸಂಪ್ರದಾಯ ಸಂಗೀತ ಸಂಗ್ರಹಾಲಯಕ್ಕೂ ಕಾಲಿಡಿ. ಹಳೆಯ ಮುದ್ರಣಗಳನ್ನು ಅಲ್ಲೇ ಕೂತು ಕೇಳಬಹುದು.

ಬೇಸಿಗೆಯಲ್ಲಿ ರಜೆ ಸಿಗದಿದ್ದರೆ ಜನವರಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನೋಡಿ. ಕೆಲ್ಟಿಕ್ ಕನೆಕ್ಷನ್ಸ್ ಉತ್ಸವ 1994ರಿಂದ ನಡೆಯುತ್ತಿದೆ, ಎರಡು ವಾರಕ್ಕೂ ಹೆಚ್ಚು. ಚಳಿ, ಮಳೆ, ಬೇಗ ಕವಿಯುವ ಕತ್ತಲು. ಆದರೆ ಎಲ್ಲವೂ ಸಭಾಂಗಣದ ಒಳಗೆ. ಹೊಸ ತಂಡಗಳನ್ನು ಒಂದೇ ಊರಿನಲ್ಲಿ ಕೇಳಲು ಇದಕ್ಕಿಂತ ಸುಲಭದ ಜಾಗ ನನಗೆ ಗೊತ್ತಿಲ್ಲ.

ನಾರ್ಡಿಕ್, ಕೆಲ್ಟಿಕ್ ಎರಡೂ ಒಂದೇ ಕಡೆ ಬೇಕು ಅನ್ನುವವರಿಗೆ ಶೆಟ್ಲೆಂಡ್ ದ್ವೀಪಗಳು. 1469ರವರೆಗೆ ಅವು ನಾರ್ವೆ-ಡೆನ್ಮಾರ್ಕ್ ದೊರೆಯ ಕೈಯಲ್ಲಿದ್ದವು, ಆಮೇಲೆ ಸ್ಕಾಟ್ಲೆಂಡಿಗೆ ಬಂದವು. ಅಲ್ಲಿನ ಫಿಡಲ್‌ನಲ್ಲಿ ಪಕ್ಕದ ತಂತಿಯನ್ನೂ ಸೇರಿಸಿ ಮೊಳಗಿಸುವ ರೀತಿ ಕೇಳಿದರೆ ಹಾರ್ಡಿಂಗ್‌ಫೆಲೆ ನೆನಪಾಗುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ಶೆಟ್ಲೆಂಡಿನ ಲೆರ್ವಿಕ್. ಸಮುದ್ರ ಒರಟು, ವಾಂತಿಯ ಮಾತ್ರೆ ಜೇಬಲ್ಲಿರಲಿ.

ಉತ್ತರದಲ್ಲಿ ಎಲ್ಲವೂ ಜುಲೈಗೆ ಬಂದು ಸೇರುತ್ತದೆ. ಸ್ವೀಡನ್ನಿನ ದಾಲಾರ್ನಾ ಪ್ರಾಂತ್ಯ (ಹಂತ 6 ನೋಡಿ), ಪಶ್ಚಿಮ ನಾರ್ವೆಯ ಫೋರ್ಡೆ ಉತ್ಸವ, ಫಿನ್‌ಲ್ಯಾಂಡಿನ ಕೌಸ್ಟಿನೆನ್. ಕೌಸ್ಟಿನೆನ್ ನಾಲ್ಕು ಸಾವಿರ ಜನರ ಊರು. 1968ರಿಂದ ಜನಪದ ಸಂಗೀತ ಉತ್ಸವ ನಡೆಸುತ್ತಿದೆ, ಅಲ್ಲಿನ ಫಿಡಲ್ ಪರಂಪರೆ 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಹೆಲ್ಸಿಂಕಿಯಿಂದ ಕೊಕ್ಕೊಲಾವರೆಗೆ ರೈಲು, ಅಲ್ಲಿಂದ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್.

ತುಂಬ ಜನ ಬೀಳುವ ಹಳ್ಳ ಇದು: ಜುಲೈನಲ್ಲಿ ಸ್ಟಾಕ್‌ಹೋಮ್ ಅಥವಾ ಓಸ್ಲೊ ನಗರದಲ್ಲಿ ಕೂತು "ಎಲ್ಲೂ ಸಂಗೀತವೇ ಇಲ್ಲ" ಎಂದು ಗೊಣಗುವುದು. ಆಗ ನಗರದ ಜನ ಹಳ್ಳಿ ಮನೆ ಸೇರಿರುತ್ತಾರೆ, ವೇದಿಕೆಗಳೂ ಬಹುಪಾಲು ರಜೆಯಲ್ಲಿರುತ್ತವೆ. ಓಸ್ಲೊದ ರಿಕ್ಸ್‌ಸೆನನ್, ಅಂದರೆ ಜನಪದ ಸಂಗೀತ, ಯೋಯಿಕ್ ಮತ್ತು ಕುಣಿತಕ್ಕೆಂದೇ 2010ರಲ್ಲಿ ತೆರೆದ ರಾಷ್ಟ್ರೀಯ ವೇದಿಕೆ, ನೋಡಬೇಕಾದರೆ ಶರತ್ಕಾಲ ಅಥವಾ ಚಳಿಗಾಲದಲ್ಲಿ ಹೋಗಿ.

ಕುಣಿಯುವ ಆಸೆಯಿದ್ದರೆ ಬ್ರಿಟನಿಯ ಫೆಸ್ಟ್ ನೋಜ್. "ರಾತ್ರಿ ಹಬ್ಬ" ಎಂದು ಅರ್ಥ. ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಿ ಸಾಲಾಗಿ ಕುಣಿಯುತ್ತಾರೆ. ಇಬ್ಬರು ಹಾಡುಗಾರರಲ್ಲಿ ಒಬ್ಬರ ಸಾಲಿನ ಬಾಲವನ್ನು ಇನ್ನೊಬ್ಬರು ಹಿಡಿದು ಮುಂದುವರಿಸುತ್ತಾರೆ, ಉಸಿರಿಗೂ ಜಾಗವಿಲ್ಲದಂತೆ. ಹೊಸಬರು ಸಾಲಿಗೆ ಸೇರಿದರೆ ಯಾರೂ ಬೇಸರ ಮಾಡುವುದಿಲ್ಲ.

ಹಂತ 4: ವೀಸಾ

ಇಲ್ಲಿ ಮೂರು ಬೇರೆ ಬೇರೆ ಬಾಗಿಲುಗಳಿವೆ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ಡೆನ್ಮಾರ್ಕ್, ಫ್ರಾನ್ಸ್‌ಗೆ ಶೆಂಗನ್ ವೀಸಾ ಒಂದೇ ಸಾಕು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವವರು ಆ ಸೌಲಭ್ಯ ಬಳಸಿಕೊಳ್ಳಿ.

ಐರ್ಲೆಂಡ್ ಶೆಂಗನ್‌ನಲ್ಲಿ ಇಲ್ಲ, ಅದಕ್ಕೆ ಅದರದ್ದೇ ವೀಸಾ. ಸ್ಕಾಟ್ಲೆಂಡಿಗೆ ಬ್ರಿಟನ್ ವೀಸಾ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಅನ್ವಯಿಸುತ್ತದೆ. ವೀಸಾದ ಮೇಲೆ ಅದರ ಗುರುತು ಇದ್ದರೆ ಒಂದೇ ವೀಸಾದಲ್ಲಿ ಎರಡೂ ಕಡೆ ಹೋಗಬಹುದು. ಷರತ್ತು ಏನೆಂದರೆ, ವೀಸಾ ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು.

ಡಬ್ಲಿನ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರು ಇಲ್ಲೇ ಎಡವುವುದು. ಐರ್ಲೆಂಡಿನ ದೊಡ್ಡ ಸಂಗೀತ ಜಾತ್ರೆ ಫ್ಲಾ ಪ್ರತಿ ಆಗಸ್ಟ್‌ನಲ್ಲಿ ನಡೆಯುತ್ತದೆ, ಊರು ಬದಲಾಗುತ್ತಿರುತ್ತದೆ. 2026ರದ್ದು ಬೆಲ್‌ಫಾಸ್ಟ್‌ಗೆ ನಿಗದಿಯಾದದ್ದು. ಬೆಲ್‌ಫಾಸ್ಟ್ ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್. ದಾರಿಯಲ್ಲಿ ಚೆಕ್‌ಪೋಸ್ಟ್ ಕಾಣದು, ಬಸ್ಸು ಸುಮ್ನೆ ಹೋಗಿಬಿಡುತ್ತದೆ. ಆದರೂ ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕು. ಐರ್ಲೆಂಡಿನಲ್ಲಿ ವಾಸದ ಕಾರ್ಡ್ ಇದ್ದರೂ ಅದು ಸಾಲದು.

ಫೆರೋ ದ್ವೀಪಗಳ ಆಸೆ ಇದ್ದರೆ ಅರ್ಜಿಯಲ್ಲೇ ಬರೆಯಿರಿ. ಅವು ಡೆನ್ಮಾರ್ಕ್‌ಗೆ ಸೇರಿದ್ದರೂ ಶೆಂಗನ್ ಅಲ್ಲ. ವೀಸಾದಲ್ಲಿ ಫೆರೋಗೆ ಸಲ್ಲುತ್ತದೆ ಎಂದು ಬೇರೆಯಾಗಿ ನಮೂದಾಗಿರಬೇಕು.

ಹಂತ 5: ಸೆಶನ್‌ನಲ್ಲಿ ಹೇಗೆ ಕೂರಬೇಕು

ಸೆಶನ್ ಎಂದರೆ ಪಬ್ಬಿನ ಮೂಲೆಯ ಮೇಜಿನ ಸುತ್ತ ವಾದಕರು ಕೂತು ನುಡಿಸುವುದು. ಕಛೇರಿ ಅಲ್ಲ. ಮುಖ ಒಬ್ಬರಿಗೊಬ್ಬರು ಎದುರಾಗಿರುತ್ತದೆ, ಬೆನ್ನು ನಮಗೆ. ಶನಿವಾರದ ಭಜನೆಗೆ ಊರವರು ಸೇರಿದಂತೆ ಅಂದುಕೊಳ್ಳಿ. ಅವರು ತಮಗಾಗಿ ನುಡಿಸುತ್ತಿರುತ್ತಾರೆ, ನಾವು ಕೇಳಿಸಿಕೊಳ್ಳಬಹುದು. ಒಬ್ಬರೋ ಇಬ್ಬರೋ ವಾದಕರಿಗೆ ಪಬ್ಬಿನವರು ಸಂಭಾವನೆ ಕೊಡುವುದುಂಟು, ಉಳಿದವರು ಸುಮ್ನೆ ಬಂದು ಸೇರುವವರು. ಪ್ರವೇಶಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ.

ಬೋರ್ಡಿನಲ್ಲಿ ಒಂಬತ್ತೂವರೆ ಎಂದಿದ್ದರೆ ಒಂಬತ್ತಕ್ಕೇ ಹೋಗಿ ಜಾಗ ಹಿಡಿಯಿರಿ. ಮೂಲೆಯ ಖಾಲಿ ಕುರ್ಚಿ ಕಂಡಿತೆಂದು ಕೂರಬೇಡಿ, ಅದು ವಾದಕರದ್ದು. ಊಟ ಮೊದಲೇ ಮುಗಿಸಿ, ಹಳ್ಳಿ ಪಬ್ಬುಗಳಲ್ಲಿ ಅಡುಗೆಮನೆ ಒಂಬತ್ತರ ಹೊತ್ತಿಗೆ ಮುಚ್ಚುತ್ತದೆ. ಸಸ್ಯಾಹಾರಿಗಳು ತರಕಾರಿ ಸೂಪ್ ಎಂದಿದ್ದರೂ ಕೋಳಿಯ ರಸ ಹಾಕಿದ್ದಾರೆಯೇ ಎಂದು ಕೇಳಿಯೇ ತಗೊಳ್ಳಿ. ಮದ್ಯ ಬೇಡದಿದ್ದರೆ ಸೋಡಾ, ಜ್ಯೂಸ್ ಕೇಳಿ. ಆದರೆ ಏನೂ ತೆಗೆದುಕೊಳ್ಳದೆ ಮೂರು ಗಂಟೆ ಕುರ್ಚಿ ಹಿಡಿಯುವುದು ಸರಿಯಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ: ಐರ್ಲೆಂಡಿನಲ್ಲಿ 18 ತುಂಬದವರು ರಾತ್ರಿ 9ರ ನಂತರ ಪಬ್ಬಿನಲ್ಲಿ ಇರುವಂತಿಲ್ಲ. ಮೇನಿಂದ ಸೆಪ್ಟೆಂಬರ್‌ವರೆಗೆ ಅದು 10 ಗಂಟೆ. ಹಾಗಾಗಿ ಮಧ್ಯಾಹ್ನದ, ಸಂಜೆಯ ಸೆಶನ್ ಹುಡುಕಿ.

ಮಟ್ಟಿನ ಜೊತೆ ಚಪ್ಪಾಳೆ ತಟ್ಟಬೇಡಿ. ನಾನೂ ಮೊದಲ ಸಲ ತಟ್ಟಿದವನೇ. ಪಕ್ಕದ ಅಜ್ಜ ಏನೂ ಅನ್ನಲಿಲ್ಲ, ಸುಮ್ನೆ ನನ್ನ ಕೈ ನೋಡಿದರು. ಸೆಟ್ ಮುಗಿದ ಮೇಲೆ ತಟ್ಟಿ. ಯಾರಾದರೂ ವಾದ್ಯವಿಲ್ಲದೆ ಒಬ್ಬರೇ ಹಾಡಲು ತೊಡಗಿದರೆ, ಐರಿಷ್ ಭಾಷೆಯ ಅಂಥ ಹಾಡುಗಾರಿಕೆಗೆ ಷಾನ್ ನೋಸ್ ಅನ್ನುತ್ತಾರೆ, ಗ್ಲಾಸನ್ನು ಮೇಜಿನ ಮೇಲೆ ಇಡುವ ಸದ್ದೂ ಬೇಡ.

ನೀವೇ ಪಿಟೀಲು ಅಥವಾ ಕೊಳಲು ನುಡಿಸುವವರಾಗಿದ್ದರೆ ವಾದ್ಯ ಪೆಟ್ಟಿಗೆಯಲ್ಲೇ ಇರಲಿ. ಒಂದು ಗಂಟೆ ಕೇಳಿ, ಬಿಡುವಿನಲ್ಲಿ ಕೇಳಿಕೊಳ್ಳಿ. "ಒಂದು ನುಡಿಸಿ" ಎಂದು ಅವರೇ ಕರೆಯುವ ಸಾಧ್ಯತೆ ಹೆಚ್ಚು. ಆಗ ಒಂದು ದೇವರನಾಮ ನುಡಿಸಿದರೂ ಚೆನ್ನ. ಗೊತ್ತಿಲ್ಲದ ಮಟ್ಟಿಗೆ ಅಂದಾಜಿನ ಮೇಲೆ ಸ್ವರ ಸೇರಿಸುವುದು ಮಾತ್ರ ಬೇಡ. ಅದರಲ್ಲೂ ಬೌರಾನ್, ಅಂದರೆ ಒಂದೇ ಮುಖದ ಕೈ ತಮಟೆ, ಅಂಗಡಿಯಲ್ಲಿ ಬೆಳಿಗ್ಗೆ ಕೊಂಡು ಸಂಜೆ ಸೆಶನ್‌ಗೆ ತರುವವರ ಮೇಲೆ ಐರ್ಲೆಂಡಿನಲ್ಲಿ ಬೇಕಾದಷ್ಟು ಜೋಕುಗಳಿವೆ.

ಹಂತ 6: ದಾಲಾರ್ನಾದ ಹುಲ್ಲಿನ ಮೇಲೆ

ಸ್ವೀಡನ್‌ನಲ್ಲಿ ಪಬ್ಬಿನ ಬದಲು ಸ್ಪೆಲ್‌ಮನ್ಸ್‌ಸ್ಟೆಮ್ಮಾ. ಸ್ಪೆಲ್‌ಮನ್ ಎಂದರೆ ಹಳ್ಳಿಯ ವಾದಕ, ಸ್ಟೆಮ್ಮಾ ಎಂದರೆ ಕೂಟ. ಹೆಸರಾದದ್ದು ದಾಲಾರ್ನಾದ ಬಿಂಗ್‌ಶೋ ಎಂಬ ಹಳ್ಳಿಯದು. 1969ರಲ್ಲಿ ಶುರುವಾಯಿತು. ಜುಲೈನ ಮೊದಲ ಬುಧವಾರ, ಒಂದೇ ರಾತ್ರಿ. ವೇದಿಕೆ ಇರುತ್ತದೆ, ಆದರೆ ಅದರ ಮುಂದೆಯೇ ಬೇರು ಬಿಡಬೇಡಿ. ನಿಜವಾದ ಗಮ್ಮತ್ತು ಬುಸ್ಕ್‌ಸ್ಪೆಲ್, "ಪೊದೆಯ ಆಟ" ಎಂದು ಪದದ ಅರ್ಥ. ಮರದ ಕೆಳಗೆ, ಕೊಟ್ಟಿಗೆಯ ಹಿಂದೆ, ನಿಲ್ಲಿಸಿದ ಕಾರುಗಳ ನಡುವೆ ಇಬ್ಬರು ಮೂವರು ಸೇರಿ ನುಡಿಸುವುದು. ಆ ದಿನಗಳಲ್ಲಿ ಅಲ್ಲಿ ಪೂರಾ ಕತ್ತಲಾಗುವುದಿಲ್ಲ. ಬೆಳ್ಳಿ ಪದಕ ಸಿಕ್ಕಿಸಿಕೊಂಡವರು ಕಂಡರೆ ಹತ್ತಿರ ನಿಲ್ಲಿ. ಅವರು ರಿಕ್ಸ್‌ಸ್ಪೆಲ್‌ಮನ್, ತೀರ್ಪುಗಾರರ ಮುಂದೆ ನುಡಿಸಿ ಆ ಬಿರುದು ಪಡೆದವರು. ಪದಕದ ಹೆಸರಿನಲ್ಲಿರುವ ಚಿತ್ರಕಾರ ಆಂಡರ್ಸ್ ಜೋರ್ನ್ 1906ರಲ್ಲಿ ಇದೇ ಸೀಮೆಯ ಗೆಸುಂಡಾದಲ್ಲಿ ವಾದಕರ ಸ್ಪರ್ಧೆ ಏರ್ಪಡಿಸಿದ್ದರು.

ರೈಲು ರೆಟ್‌ವಿಕ್‌ವರೆಗೆ ಮಾತ್ರ. ಮುಂದಕ್ಕೆ ಕಾರು ಬೇಕು, ಅಥವಾ ಯಾರದ್ದಾದರೂ ಕಾರಿನಲ್ಲಿ ಜಾಗ. ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡಿ. ಹಣದ ವಿಷಯದಲ್ಲೂ ಒಂದು ಕೊಕ್ಕೆಯಿದೆ. ಸಣ್ಣ ಅಂಗಡಿಗಳವರು ಸ್ವಿಶ್ ಕೇಳುತ್ತಾರೆ. ನಮ್ಮ ಯುಪಿಐ ಥರದ್ದು, ಆದರೆ ಸ್ವೀಡನ್ನಿನ ಬ್ಯಾಂಕ್ ಖಾತೆ ಇಲ್ಲದವರಿಗೆ ನಡೆಯುವುದಿಲ್ಲ. ಕಾರ್ಡಿನ ಜೊತೆ ಸ್ವಲ್ಪ ಕ್ರೋನ ನೋಟು ಇಟ್ಟುಕೊಂಡಿರಿ, ಬುತ್ತಿ ಕಟ್ಟಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಹಂತ 7: ಮನೆಗೆ ತರುವುದು

ರೆಕಾರ್ಡ್ ಮಾಡುವ ಮುಂಚೆ ಕೇಳಿ. ಫೋನನ್ನು ಮುಖದ ಮುಂದೆ ಹಿಡಿಯಬೇಡಿ, ಮೇಜಿನ ಮೇಲಿಟ್ಟರೆ ಸಾಕು. ಸಿಡಿ ಪೆಟ್ಟಿಗೆ ಇಟ್ಟುಕೊಂಡಿದ್ದರೆ ಒಂದು ಕೊಳ್ಳಿ. ಕೇಳಲು ಮನೆಯಲ್ಲಿ ಪ್ಲೇಯರ್ ಇಲ್ಲದಿದ್ದರೂ ಪರವಾಗಿಲ್ಲ. ಯಾವ ಮಟ್ಟನ್ನು ಯಾರಿಂದ ಕಲಿತೆ ಎಂದು ಒಳಗಿನ ಹಾಳೆಯಲ್ಲಿ ಬರೆದಿರುತ್ತಾರೆ. ಮುಂದಿನ ಸಲ ಯಾವ ಊರಿಗೆ ಹೋಗಬೇಕು ಎಂಬುದು ಅಲ್ಲೇ ಸಿಗುತ್ತದೆ.

ರೆಕಾರ್ಡ್ ಮಾಡಿದ ಫೈಲಿಗೆ ಆವತ್ತೇ ಹೆಸರು ಹಾಕಿ: ದಿನಾಂಕ, ಊರು, ನುಡಿಸಿದವರು. ಊರಿಗೆ ಬಂದ ಮೇಲೆ ಎಲ್ಲವೂ ಕಲಸಿಹೋಗುತ್ತದೆ. ಮಟ್ಟಿನ ಹೆಸರನ್ನು ವಾದಕರನ್ನೇ ಕೇಳಿ. "ಗೊತ್ತಿಲ್ಲ, ಅಪ್ಪ ನುಡಿಸುತ್ತಿದ್ದರು" ಎಂಬ ಉತ್ತರ ಬಂದರೆ ಆಶ್ಚರ್ಯ ಬೇಡ. ಐರಿಷ್ ಮಟ್ಟಾದರೆ ಟ್ಯೂನ್‌ಪ್ಯಾಲ್ ಎಂಬ ಆ್ಯಪ್‌ಗೆ ಕೇಳಿಸಿ, ಸಾಮಾನ್ಯವಾಗಿ ಹಿಡಿಯುತ್ತದೆ. ದಿ ಸೆಶನ್ ಡಾಟ್ ಆರ್ಗ್ ತಾಣದಲ್ಲಿ ಅದೇ ಮಟ್ಟಿಗೆ ನಾಲ್ಕೈದು ಹೆಸರು, ಹತ್ತು ಪಾಠಾಂತರ ಸಿಗುತ್ತವೆ. ನೀವು ಕೇಳಿದ್ದು ಅವುಗಳಲ್ಲಿ ಯಾವುದಕ್ಕೂ ಪೂರ್ತಿ ಹೊಂದದಿದ್ದರೆ ಆ ಫೈಲನ್ನು ಜೋಪಾನವಾಗಿಡಿ.